ಒಂದೇ ಮೊಳೆಗೆ ಎರಡು ಪಂಚಾಂಗ

ಯುಗಾದಿಗೆ ಇನ್ನೂ ಹದಿನೈದು ದಿನವಿರುವಾಗಲೇ ಊರಿನ ಕಡೆಯಿಂದ ಹೊಸ ಪಂಚಾಂಗ ಬಂತು. ಕೊರಿಯರಿನವನು ಇಲ್ಲಿ ಕಾಶಿಯ ಸೋನಾರ್‌ಪುರದ ರಸ್ತೆಯಲ್ಲೇ ನಿಂತು ಫೋನು ಮಾಡಿದ. ನಮ್ಮ ಗಲ್ಲಿಯೊಳಗೆ ಅವನ ಬೈಕು ಬರುವುದಿಲ್ಲವೆಂದಲ್ಲ, ಬಂದರೆ ತಿರುಗಿಸಿಕೊಂಡು ಹೋಗಲು ಜಾಗವಿಲ್ಲ. ನಾನೇ ಚಪ್ಪಲಿ ಮೆಟ್ಟಿ ಹೊರಟು, ಟೋಟೋ ಎಂದು ನಾವಿಲ್ಲಿ ಕರೆಯುವ ಬ್ಯಾಟರಿ ರಿಕ್ಷಾಗಳ ನಡುವೆ ಮೈ ಹಿಡಿಮಾಡಿಕೊಂಡು ರಸ್ತೆ ದಾಟಿ ಕಟ್ಟನ್ನು ತಂದೆ. ಹೊದಿಕೆ ಹರಿದೊಡನೆ ಅದೇ ವಾಸನೆ: ಅಗ್ಗದ ಕಾಗದ, ಮಸಿ, ಅಂಚಿಗೆ ಹಚ್ಚಿದ ಅರಿಸಿನ. ಈ ವಾಸನೆ ಬಂದರೆ ನನಗೆ ಹೊಸ ವರ್ಷಕ್ಕಿಂತ ಮೊದಲು ಒಂದು ಹಳೆಯ ತಪ್ಪು ನೆನಪಾಗುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸಾವಕಾಶ ಕೂತುಕೊಳ್ಳಿ.

ನಾನು ಕಾಶಿಯಲ್ಲಿ ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವ ಪುರೋಹಿತ. ನನ್ನ ಮುತ್ತಜ್ಜ ಬಾಗಲಕೋಟೆಯ ಕಡೆಯಿಂದ ಇಲ್ಲಿಗೆ ಬಂದವರು ತಿರುಗಿ ಹೋಗಲಿಲ್ಲ. ಅವರು ಬಂದಾಗ ತಂದದ್ದು ಒಂದು ತಾಮ್ರದ ತಂಬಿಗೆ ಮತ್ತು ಕನ್ನಡ. ತಂಬಿಗೆ ಇನ್ನೂ ಗಟ್ಟಿಯಾಗಿದೆ. ಕನ್ನಡವನ್ನು ನಾನೂ ನನ್ನ ಹೆಂಡತಿಯೂ ಅಡುಗೆಮನೆಯಲ್ಲಿ ಉಳಿಸಿಕೊಂಡಿದ್ದೇವೆ. ಮಗಳು ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಡುತ್ತಾಳೆ. ನಡುಕೋಣೆಯ ಗೋಡೆಯಲ್ಲಿ ಅಜ್ಜನ ಕಾಲದ ಒಂದು ಮೊಳೆ ಇದೆ. ಆ ಮೊಳೆಗೆ ಎರಡು ಪಂಚಾಂಗ. ಒಂದು ಇಲ್ಲಿಯ ಹಿಂದಿಯದು, ಇನ್ನೊಂದು ಕನ್ನಡದ್ದು. ಇನ್ನೊಂದು ಮೊಳೆ ಹೊಡೆಯಬಾರದೇ ಎಂದು ನೀವು ಕೇಳಬಹುದು. ಗೋಡೆಯ ಗಾರೆ ಉದುರುತ್ತದೆ. "ಪಾಪಾ, ಮೊಬೈಲ್ ಮೇಂ ದೇಖ್ ಲೋ ನಾ," ಎಂದು ಮಗಳು ಪ್ರತಿವರ್ಷ ಮೊಬೈಲಿನ ಕಡೆ ಕೈ ತೋರಿಸುತ್ತಾಳೆ.

ಎರಡು ಯಾಕೆ ಬೇಕೆಂದರೆ, ನಮ್ಮ ಕಡೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಇಲ್ಲಿಯವರಿಗೆ ಹುಣ್ಣಿಮೆಗೆ. ಶುಕ್ಲಪಕ್ಷದಲ್ಲಿ ಇಬ್ಬರ ತಿಂಗಳ ಹೆಸರೂ ಒಂದೇ. ಹುಣ್ಣಿಮೆ ದಾಟಿತೋ, ಇವರು ಮುಂದಿನ ತಿಂಗಳ ಹೆಸರು ಹಿಡಿದುಬಿಡುತ್ತಾರೆ, ನಾವು ಹಳೆಯದರಲ್ಲೇ ಇರುತ್ತೇವೆ. ಮಹಾಶಿವರಾತ್ರಿ ನಮಗೆ ಮಾಘದಲ್ಲಿ, ಇಲ್ಲಿಯವರಿಗೆ ಫಾಲ್ಗುಣದಲ್ಲಿ. ಶಿವನಿಗೆ ಮಾತ್ರ ಎರಡೂ ಒಂದೇ ರಾತ್ರಿ. ಮಾತು ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಆದರೆ ಗದಗಿನಿಂದಲೋ ಹುನಗುಂದದಿಂದಲೋ ಬಂದವರು ತಮ್ಮ ತಾಯಿಯ ತಿಥಿ ಮಾಘ ಬಹುಳ ಪಂಚಮಿ ಎಂದು ಹೇಳಿದಾಗ, ಪುರೋಹಿತನಾದವನು ಮೊಳೆಯಿಂದ ಯಾವ ಪಂಚಾಂಗವನ್ನು ಕೈಗೆ ತೆಗೆದುಕೊಳ್ಳುತ್ತಾನೆ ಎನ್ನುವುದರ ಮೇಲೆ ಒಂದು ಇಡೀ ತಿಂಗಳು ಆಚೀಚೆಯಾಗುತ್ತದೆ.

ಹೊಸ ಪಂಚಾಂಗ ಬಂದಾಗ ಎಲ್ಲರೂ ಮೊದಲು ರಾಶಿಫಲ ನೋಡುತ್ತಾರೆ. ನಾನು ಹಿಂದಿನಿಂದ ತೆರೆಯುತ್ತೇನೆ. ಕೊನೆಯ ಹಾಳೆಗಳಲ್ಲಿ ಮಾಘ ಬಹುಳ ಪಂಚಮಿ ಹುಡುಕಿ, ಪಕ್ಕದಲ್ಲಿ ಪೆನ್ಸಿಲಿನಿಂದ "ವತ್ಸಲಕ್ಕನ ತಾಯಿ" ಎಂದು ಬರೆದು, ಸಾರನಾಥಕ್ಕೆ ಫೋನು ಮಾಡಿ ತಾರೀಖು ತಿಳಿಸುತ್ತೇನೆ. ಮೂವತ್ತೈದು ವರ್ಷದ ರೂಢಿ; ಅವರು ನಮ್ಮ ಮಾಳಿಗೆಯಲ್ಲಿದ್ದಾಗ ಮೆಟ್ಟಿಲು ಹತ್ತಿ ಹೋಗಿ ಹೇಳುತ್ತಿದ್ದೆ. ಈ ಸಲವೂ ಹಾಗೇ ಮಾಡಿದೆ.

ಆ ಕಡೆಯಿಂದ ವತ್ಸಲಕ್ಕ ಹೇಳಿದರು: "ಈ ಸಲ ನೀನ ಮಾಡಿಬಿಡೋ. ಮೆಟ್ಟಲಾ ಇಳೀಲಿಕ್ಕೆ ನನ್ನ ಮೊಣಕಾಲು ಒಲ್ಲೆ ಅಂತಾವ. ನಿನ್ನ ಕೈಲೆ ಆದ್ರ ಸಾಕು. ನೀ ತಪ್ಪೂದಿಲ್ಲ."

ನೀ ತಪ್ಪೂದಿಲ್ಲ. ಫೋನು ಇಟ್ಟ ಮೇಲೆ ನಾನು ಬಹಳ ಹೊತ್ತು ಮೊಳೆಯ ಕೆಳಗೇ ನಿಂತಿದ್ದೆ. ಹೆಂಡತಿ ಬಂದು ಯಾರಾದರೂ ಹೋದರೇನು ಎಂದು ಕೇಳಿದಳು. ನಮ್ಮ ವೃತ್ತಿಯಲ್ಲಿ ಅದೇನೂ ಅಪಶಕುನದ ಪ್ರಶ್ನೆಯಲ್ಲ.

ವತ್ಸಲಕ್ಕ ಯಾರೆಂದು ಮೊದಲು ಹೇಳಬೇಕು. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರೊಫೆಸರಾಗಿದ್ದವರು. ಯಂತ್ರ, ತಂತಿ, ಗಾಜಿನ ಕೊಳವೆಗಳ ಭೌತಶಾಸ್ತ್ರವಲ್ಲ, ಬರೀ ಕಾಗದ ಪೆನ್ಸಿಲಿನದು. ಗುರುತ್ವ ಅವರ ವಿಷಯ. ಎರಡು ಭಾರವಾದ ನಕ್ಷತ್ರಗಳು ಒಂದರ ಸುತ್ತ ಒಂದು ಸುತ್ತುವಾಗ ಆಕಾಶದಲ್ಲೇ ತೆರೆ ಏಳುತ್ತದಂತೆ. ಆ ತೆರೆ ಹೇಗೆ ಹರಡುತ್ತದೆ, ಹೇಗೆ ಆರುತ್ತದೆ ಎನ್ನುವುದನ್ನು ಅವರು ಆಯುಷ್ಯವಿಡೀ ಲೆಕ್ಕ ಹಾಕಿದರು. ಆ ತೆರೆಗಳನ್ನು ಯಂತ್ರದಿಂದ ಹಿಡಿಯುವ ಕಾಲ ಬಂದಾಗ, ಇವರು ಎಷ್ಟೋ ವರ್ಷ ಹಿಂದೆ ಹಾಕಿಟ್ಟ ದಾರಿಯಲ್ಲೇ ಹೊಸಬರು ನಡೆದರು ಎಂದು ಪತ್ರಿಕೆಯವರು ಬರೆದಿದ್ದರು. ಫೋಟೋದಲ್ಲಿ ಅವರ ಸೀರೆಯ ಮೇಲೆ ಸುಣ್ಣದಕಡ್ಡಿಯ ಪುಡಿ ಕಾಣುತ್ತಿತ್ತು. ಅದನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಇಷ್ಟು ದೊಡ್ಡವರು ನಮ್ಮ ಗಲ್ಲಿಗೆ ಬಂದದ್ದು ತಾಯಿಯಿಂದಾಗಿ. ಗದಗಿನ ಹತ್ತಿರದ ಹಳ್ಳಿಯ ಆ ಅಜ್ಜಿಗೆ ಇವರೊಬ್ಬರೇ ಮಗಳು. ಮಗಳಿಗೆ ಕಾಶಿಯಲ್ಲಿ ನೌಕರಿ ಎಂದು ತಿಳಿದಾಗ, ಮಗಳು ಗೆದ್ದಳೆಂದು ಅಜ್ಜಿಗೆ ಅನಿಸಲಿಲ್ಲವಂತೆ, ತನಗೇ ಕಾಶಿ ಸಿಕ್ಕಿತೆಂದು ಅನಿಸಿತಂತೆ. ವಿಶ್ವವಿದ್ಯಾಲಯದ ಬಂಗಲೆ ಒಲ್ಲೆ, ದಿನಾ ಹೊಳೆಗೆ ನಡೆದು ಹೋಗುವಷ್ಟು ಹತ್ತಿರ ಬೇಕೆಂದು ಹಟ ಹಿಡಿದರು. ಹೀಗೆ ನಮ್ಮ ಮಾಳಿಗೆಯ ಎರಡು ಕೋಣೆಗೆ ತಾಯಿ ಮಗಳು ಬಂದರು. ಬಂದ ವಾರದಲ್ಲೇ ವತ್ಸಲಕ್ಕ ಒಂದು ಗೋಡೆಗೆ ಪೂರ್ತಿ ಕಪ್ಪು ಬಣ್ಣ ಬಳಿದರು. ನಮ್ಮವ್ವ ಗಾಬರಿಯಾಗಿ ಅಪ್ಪನನ್ನು ಕರೆದು ತೋರಿಸಿದಳು. ಅಪ್ಪ ಸ್ವಲ್ಪ ಹೊತ್ತು ನೋಡಿ, "ಗ್ವಾಡಿ ಇನ್ನ ಮಾಸೂದಿಲ್ಲ, ಛಲೋ ಆತು," ಎಂದು ಇಳಿದು ಬಂದರು.

ಅಜ್ಜಿ ಹಗಲೆಲ್ಲ ಬಾಗಿಲ ಬಳಿ ಕೂತು ಹತ್ತಿಯಿಂದ ಹೂಬತ್ತಿ ಹೊಸೆಯುತ್ತಿದ್ದರು. ನೆರೆಯವರು ಬಂದು, "ಮಾತಾಜಿ, ಬಿಟಿಯಾ ಕ್ಯಾ ಕರ್ತೀ ಹೈ?" ಎಂದು ಮಗಳ ಕೆಲಸ ವಿಚಾರಿಸಿದರೆ, ತಮಗೆ ಬರುವ ಎರಡೇ ಹಿಂದಿ ಮಾತಿನಲ್ಲಿ, "ಹಿಸಾಬ್ ಕರ್ತೀ," ಎನ್ನುತ್ತಿದ್ದರು. ಯಾರ ಅಂಗಡಿಯ ಹಿಸಾಬು ಎಂದು ಅವರು ಮತ್ತೆ ಕೇಳುತ್ತಿದ್ದರು. ಆಗ ಅಜ್ಜಿ ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ದೇವರದು ಅಂತ ಕಾಣಸ್ತದ. ಅಂವಗ ಪುರಸೊತ್ತಿಲ್ಲ," ಅನ್ನುತ್ತಿದ್ದರು.

ನನ್ನ ವಿದ್ಯೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬೆಳಿಗ್ಗೆ ಪಾಠಶಾಲೆಯಲ್ಲಿ ವೇದ, ಮಧ್ಯಾಹ್ನ ಇಂಟರ್ ಕಾಲೇಜು. ಕಾಲೇಜಿನಲ್ಲಿ ಭೌತಶಾಸ್ತ್ರದಲ್ಲೇ ನಪಾಸು. ಮಾಳಿಗೆಯ ಮೇಲೆ ಅಂಥವರನ್ನು ಇಟ್ಟುಕೊಂಡು ಕೆಳಗೆ ಅದೇ ವಿಷಯದಲ್ಲಿ ಬಿದ್ದವನು ಇಡೀ ಕಾಶಿಯಲ್ಲಿ ನಾನೊಬ್ಬನೇ ಇರಬೇಕು. ವತ್ಸಲಕ್ಕ ಎರಡು ತಿಂಗಳು ಕೂಡಿಸಿಕೊಂಡು ಹೇಳಿಕೊಟ್ಟರು. ಕೊನೆಗೆ ಅಪ್ಪನ ಹತ್ತಿರ ಬಂದು, "ಇವಗ ಭೌತಶಾಸ್ತ್ರ ಬ್ಯಾಡ್ರಿ, ಭೌತಶಾಸ್ತ್ರಕ್ಕೂ ಇಂವ ಬ್ಯಾಡ. ಆದ್ರ ಧ್ವನಿ ಛಲೋ ಅದ," ಎಂದರು. ಅಪ್ಪ ನನ್ನನ್ನು ಪೂರ್ತಿಯಾಗಿ ಘಾಟಿಗೆ, ಅಂದರೆ ಹೊಳೆಯ ಮೆಟ್ಟಿಲ ಮೇಲಿನ ಪುರೋಹಿತಿಕೆಗೆ, ಇಳಿಸಿದ್ದು ಆಮೇಲೆ.

ಆ ಎರಡು ತಿಂಗಳಲ್ಲಿ ನನ್ನ ತಲೆಗೆ ಹತ್ತಿದ್ದು ಒಂದೇ ಸಂಗತಿ. ವತ್ಸಲಕ್ಕ ಹೊಸ ಹಾಳೆ ತೆಗೆದರೆ ಲೆಕ್ಕ ಶುರುಮಾಡುವ ಮೊದಲು ತಲೆಯ ಮೇಲೆ ನಾಲ್ಕು ಸಾಲು ಬರೆಯುತ್ತಿದ್ದರು: ಯಾವ ಚಿಹ್ನೆಗೆ ಏನರ್ಥ, ಯಾವುದನ್ನು ಒಂದು ಎಂದು ಹಿಡಿದಿದ್ದೇನೆ, ಯಾವುದನ್ನು ಸಣ್ಣದೆಂದು ಬಿಟ್ಟಿದ್ದೇನೆ. ಅದಕ್ಕೆ ಅವರಿಟ್ಟ ಹೆಸರು ಸಂಕಲ್ಪ. ಅಪ್ಪ ಯಾವ ಕರ್ಮಕ್ಕೂ ಮೊದಲು ಯಜಮಾನನಿಂದ ಹೇಳಿಸುತ್ತಿದ್ದುದನ್ನು ಅವರು ಮಾಳಿಗೆಯಿಂದ ದಿನಾ ಕೇಳಿಸಿಕೊಳ್ಳುತ್ತಿದ್ದರು. ಇಂಥ ದೇಶ, ಇಂಥ ನದಿಯ ತೀರ, ಇಂಥ ಮಾಸ, ಇಂಥ ತಿಥಿ, ಇಂಥ ಗೋತ್ರದ ಇಂಥವನು ಇಂಥವರಿಗಾಗಿ ಇದನ್ನು ಮಾಡುತ್ತೇನೆ. "ನಿಮ್ಮಪ್ಪ ಎಲ್ಲಿ ನಿಂತೀನಿ ಅಂತ ಹೇಳದ ಒಂದು ಹೆಜ್ಜಿ ಇಡೂದಿಲ್ಲ ನೋಡು," ಎಂದರು. "ನಮ್ಮಾಗೂ ಹಂಗ ಇರಬೇಕು. ನಮ್ಮ ಮಂದಿಯಾಗ ಎರಡು ಪಂಗಡ ಅದಾವ. ಒಂದು ಪಂಗಡ ಕಾಲಕ್ಕ ಅಧಿಕ ಚಿಹ್ನೆ ಹಾಕ್ತದ, ಜಾಗಕ್ಕ ಋಣ. ಇನ್ನೊಂದು ಪಂಗಡ ಉಲ್ಟಾ. ಎರಡೂ ಖರೇನ. ಆದ್ರ ಒಂದು ಲೆಕ್ಕದಾಗ ಒಂದ ಇರಬೇಕು." ನನಗೆ ಕೂಡಲೇ ಮೊಳೆಯ ನೆನಪಾಯಿತು. ನಮ್ಮ ಪಂಚಾಂಗದ ಹಾಗೆಯೇ ಅಂದೆ. ಅವರು ಸುಣ್ಣದಕಡ್ಡಿ ಕೆಳಗಿಟ್ಟು, ಅಷ್ಟು ದಿನದಲ್ಲಿ ಮೊದಲ ಸಲ, ನನ್ನನ್ನು ಸಂತೋಷದಿಂದ ನೋಡಿದರು. ಇಷ್ಟು ತಿಳಿದವನು ಆಮೇಲೆ ಏನು ಮಾಡಿದೆ ನೋಡಿ.

ಅಜ್ಜಿ ಒಂದು ಮಾಘ ಬಹುಳ ಪಂಚಮಿಯ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು, ಹತ್ತಿಯ ಬುಟ್ಟಿ ಎಳೆದುಕೊಂಡು, ಗೋಡೆಗೆ ಒರಗಿದವರು ಹಾಗೇ ಹೋದರು. ಅದಕ್ಕೂ ಎಷ್ಟೋ ಮೊದಲೇ ಮಗಳಿಂದ ಒಂದು ಮಾತು ತೆಗೆದುಕೊಂಡಿದ್ದರು: "ವರ್ಷಕ್ಕೊಮ್ಮೆ ನನ್ನ ತಿಥಿ ದಿನ ಎಳ್ಳು ನೀರು ಬಿಡು. ಬ್ಯಾರೆ ಏನೂ ಕೇಳೂದಿಲ್ಲ." ಮಗಳಿಗೆ ದೇವರಲ್ಲಿ ಅಂಥ ನಂಬಿಕೆ ಇರಲಿಲ್ಲ, ತಾಯಿಯಲ್ಲಿ ಇತ್ತು. ಹೆಣ್ಣುಮಗಳು ಹೇಗೆ ಮಾಡುವುದೆಂದು ಘಾಟಿನ ಒಂದಿಬ್ಬರು ಗೊಣಗಿದಾಗ ಅಪ್ಪ, "ಎಳ್ಳಿಗೆ ಗಂಡು ಹೆಣ್ಣು ತಿಳೀತದೇನು?" ಎಂದು ಕೇಳಿ ಹನ್ನೆರಡು ದಿನದ ಕರ್ಮವನ್ನೆಲ್ಲ ತಾವೇ ಮುಂದೆ ಕೂತು ಮಾಡಿಸಿದರು.

ಮೊದಲ ವರ್ಷಾಬ್ದಿಕ ಬರುವ ಹೊತ್ತಿಗೆ ಅಪ್ಪ ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದರು. ಘಾಟಿನ ಕೆಲಸವೆಲ್ಲ ನನ್ನ ತಲೆಗೆ ಬಂತು. ಇಪ್ಪತ್ತರ ವಯಸ್ಸು, ಸ್ವಲ್ಪ ಜಂಬ ತಲೆಗೇರಿತ್ತು. ಮಾಸಿಕಗಳನ್ನೆಲ್ಲ ಹನ್ನೆರಡನೆಯ ದಿನವೇ ಮುಗಿಸಿದ್ದರಿಂದ ತಿಂಗಳು ತಿಂಗಳು ಎಣಿಸಿಕೊಂಡು ಬರುವ ಗೊಡವೆಯೂ ಇರಲಿಲ್ಲ. ನಾನು ಓದಿದ್ದು ಇಲ್ಲಿಯ ಪಾಠಶಾಲೆಯಲ್ಲಿ, ಕೈಗೆ ಮೊದಲು ಬಂದದ್ದು ಹಿಂದಿ ಪಂಚಾಂಗ. ಅದರಲ್ಲಿ ಮಾಘ ಕೃಷ್ಣ ಪಂಚಮಿ, ಅಂದರೆ ಇವರ ಬಹುಳ ಪಂಚಮಿ, ನೋಡಿದೆ, ಮಾಳಿಗೆ ಹತ್ತಿ ವತ್ಸಲಕ್ಕನಿಗೆ ತಾರೀಖು ಹೇಳಿದೆ. ಅವರು ನನ್ನ ಮುಖವನ್ನೂ ಗೋಡೆಯ ಮೇಲಿನ ಲೆಕ್ಕವನ್ನೂ ನೋಡಿ, "ಅವತ್ತೇನು?" ಎಂದರು. "ಹೌದ್ರಿ ಅಕ್ಕ, ಅವತ್ತ," ಎಂದೆ. ಆ ದಿನ ಚಳಿಯಲ್ಲಿ ಕೇದಾರ ಘಾಟಿನ ಮೆಟ್ಟಿಲ ಮೇಲೆ ಕೂತು ಅವರು ನಾನು ಹೇಳಿಸಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿ ಎಳ್ಳುನೀರು ಬಿಟ್ಟರು. ನಾನು ಮಾಸದ ಹೆಸರು ಹೇಳುವಲ್ಲಿ ಅವರು ಒಂದು ಗಳಿಗೆ ತಡೆದರು. ಚಳಿಗೆ ಇರಬೇಕೆಂದುಕೊಂಡೆ.

ಮೂರು ವಾರ ಕಳೆದು ಅವರು ಇಟಲಿಗೆ ಹೊರಟರು. ಗುರುತ್ವದ ಮೇಲೆ ಕೆಲಸ ಮಾಡುವವರೆಲ್ಲ ಸೇರುವ ಸಭೆ. ಅದರಲ್ಲಿ ಅವರದು ಮುಖ್ಯ ಭಾಷಣ. ನಕ್ಷತ್ರಗಳ ಆ ತೆರೆಗಳಲ್ಲಿ ಒಂದು ಬಗೆಯದು ಆರುವ ಬದಲು ಬೆಳೆಯುತ್ತ ಹೋಗುತ್ತದೆಂದು ಅವರ ಲೆಕ್ಕ ತೋರಿಸಿತ್ತು. ಯಾರೂ ನಿರೀಕ್ಷಿಸದ ಮಾತು ಅದು. ಹೊರಡುವ ದಿನ ಅವರ ಚೀಲ ಹೊತ್ತುಕೊಂಡು ಸೋನಾರ್‌ಪುರದವರೆಗೆ ನಾನೇ ಹೋಗಿದ್ದೆ.

ಅವರು ಹೋಗಿ ಐದಾರು ದಿನವಾಗಿರಬೇಕು. ಅಪ್ಪ ಅಂದು ಮೊದಲ ಸಲ ಎದ್ದು ಗೋಡೆ ಹಿಡಿದು ನಡುಕೋಣೆಗೆ ಬಂದರು. ಬಂದವರೇ ಅಭ್ಯಾಸದಂತೆ ಕನ್ನಡ ಪಂಚಾಂಗ ತೆಗೆದು ಕಣ್ಣಿಗೆ ಹತ್ತಿರ ಹಿಡಿದು, "ಇವತ್ತ ಅಜ್ಜಿ ತಿಥಿ ಅಲ್ಲೇನು? ವತ್ಸಲಾ ಸ್ನಾನ ಮಾಡಿ ಬಂದ್ಳೇನು?" ಎಂದು ಕೇಳಿದರು.

ನಾನು ಮೊಳೆಯಲ್ಲಿ ಉಳಿದಿದ್ದ ಹಿಂದಿ ಪಂಚಾಂಗವನ್ನು ನೋಡಿದೆ. ಅಪ್ಪನೂ ನೋಡಿದರು. ಅವರಿಗೆ ಇಷ್ಟೇ ಸಾಕಾಯಿತು.

ಬೈಯಲಿಲ್ಲ ಅವರು. ಬೈದಿದ್ದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲವೇನೋ. ಹಳದಿಗಟ್ಟಿದ ಕಣ್ಣಿನಿಂದ ಸ್ವಲ್ಪ ಹೊತ್ತು ಬಾಗಿಲ ಬಳಿ ನೋಡಿದರು, ಅಜ್ಜಿ ಕೂತು ಬತ್ತಿ ಹೊಸೆಯುತ್ತಿದ್ದ ಜಾಗ. ಆಮೇಲೆ, "ಮಗಳು ಊರಾಗಿಲ್ಲ. ಇವತ್ತಿನ ದಿನ ಖಾಲಿ ಹೋಗಬಾರದು. ತಪ್ಪು ಯಾರ ಕೈಯಿಂದ ಆತೋ ಅವರ ಕೈಯಿಂದನ ಎಳ್ಳು ಬೀಳಲಿ. ನಡಿ," ಎಂದರು. ನಿಲ್ಲಲು ಶಕ್ತಿಯಿಲ್ಲದವರು ನನ್ನ ಭುಜ ಹಿಡಿದು ಘಾಟಿಗೆ ಬಂದರು. ನಾನು ಯಜಮಾನನ ಜಾಗದಲ್ಲಿ ಕೂತೆ, ಅಪ್ಪ ಹೇಳಿಸಿದರು. ಹೆಸರು ಅಜ್ಜಿಯದು, ಗೋತ್ರ ಅಜ್ಜಿಯದು. ಆಕೆ ನನಗೆ ಏನಾಗಬೇಕೆಂದು ಹೇಳುವ ಜಾಗ ಬಂದಾಗ ನಾನು ನಿಂತೆ. ರಕ್ತಸಂಬಂಧವಿಲ್ಲದವರಿಗೂ ಎಳ್ಳುನೀರು ಬಿಡಬಹುದು, ಅದಕ್ಕೆ ಬೇರೆ ಮಾತಿದೆ. ಅದನ್ನೇ ಹೇಳಲೇ ಎಂದು ಕೇಳಿದೆ. ಅಪ್ಪ ನದಿಯ ಕಡೆ ನೋಡುತ್ತ, "ಇಷ್ಟು ವರ್ಷ ಏನಂತ ಕರದಿ ಆಕಿನ್ನ? ಅಜ್ಜಿ ಅಂತಲ್ಲ? ಅದನ್ನ ಅನ್ನು," ಎಂದರು. ಪಿತಾಮಹಿ ಎಂದು ಹೇಳಿ ಎಳ್ಳು ಬಿಟ್ಟೆ. ಅಳು ಬಂತು, ನೀರಿನಲ್ಲಿ ಕೈಯಿದ್ದುದರಿಂದ ಒರೆಸಿಕೊಳ್ಳಲಿಲ್ಲ.

"ಆಕಿ ಬಂದ ಮ್ಯಾಲೆ ಹೇಳು," ಎಂದರು ಅಪ್ಪ, ಮೆಟ್ಟಿಲು ಹತ್ತುವಾಗ. "ನಾ ಹೇಳೂದಿಲ್ಲ. ನೀನ ಹೇಳಬೇಕು."

ನಾನು ಹೇಳಲಿಲ್ಲ. ವತ್ಸಲಕ್ಕ ಬಂದ ದಿನ ಆಯಾಸದಲ್ಲಿದ್ದಾರೆ ಎಂದುಕೊಂಡೆ. ಮಾರನೆಯ ದಿನ ಅವರಿಗೆ ಕ್ಲಾಸಿತ್ತು. ಅದರ ಮಾರನೆಯ ದಿನ ನನಗೇ ಏನೋ ಇತ್ತು. ಅಪ್ಪ ಒಮ್ಮೆ, "ಹೇಳಿದೇನು?" ಎಂದಾಗ "ಹ್ಞೂಂ" ಎಂದೆ. ಒಂದು ತಪ್ಪು ಎರಡಾಯಿತು. ಮುಂದಿನ ವರ್ಷ ಸರಿಯಾದ ದಿನಕ್ಕೇ ತಾರೀಖು ಕೊಟ್ಟಾಗ, ಹಿಂದಿನ ವರ್ಷಕ್ಕಿಂತ ಹತ್ತೊಂಬತ್ತು ದಿನ ತಡವಾದದ್ದಕ್ಕೆ ಕಾರಣ ಹೇಳಬೇಕಾಗಿ ಬಂತು. "ನಡುವೆ ಅಧಿಕ ಮಾಸ ಬಂದಿತ್ತಲ್ರಿ ಅಕ್ಕ," ಎಂದೆ. ಬಂದಿರಲಿಲ್ಲ. ಆಕಾಶದ ಲೆಕ್ಕವೇ ಜೀವನವಾಗಿದ್ದವರ ಮುಂದೆ ನಿಂತು ಚಂದ್ರನ ಬಗ್ಗೆ ಸುಳ್ಳು ಹೇಳಿದ ಧೈರ್ಯ ನನ್ನದು. "ಬಂದಿತ್ತೇನು?" ಎಂದರು ಅವರು. "ಇರಬೇಕು." ತಿರುಗಿ ಬಳಪ ಹಿಡಿದರು.

ಅದೇ ವರ್ಷ ಇನ್ನೊಂದು ನಡೆಯಿತು. ಒಂದು ಮಧ್ಯಾಹ್ನ ವತ್ಸಲಕ್ಕ ನನ್ನನ್ನು ಕರೆದು ಅಂಟಿಸಿದ ಲಕೋಟೆ ಕೊಟ್ಟು, ಇದನ್ನು ರಿಜಿಸ್ಟ್ರಿ ಮಾಡಿ ಬಾ ಎಂದರು. ವಿದೇಶದ ವಿಳಾಸ. ಅವರ ಕಣ್ಣು ಊದಿತ್ತು. ಏನೆಂದು ಕೇಳಿದೆ. ಇಟಲಿಯಲ್ಲಿ ಹೇಳಿದ ಲೆಕ್ಕ ತಪ್ಪೆಂದರು. ಯಾವುದೋ ಹಳೆಯ ಲೇಖನದಿಂದ ಒಂದು ಸೂತ್ರ ತೆಗೆದುಕೊಂಡಿದ್ದರಂತೆ. ಅದು ಇನ್ನೊಂದು ಪಂಗಡದವರು ಬರೆದದ್ದು, ಚಿಹ್ನೆ ಉಲ್ಟಾ. ತಮ್ಮ ಸಂಕಲ್ಪಕ್ಕೆ ಹೊಂದಿಸಿಕೊಳ್ಳದೆ ಹಾಗೇ ಸೇರಿಸಿದ್ದಾರೆ. ಬೆಳೆಯುತ್ತದೆಂದ ತೆರೆ ನಿಜವಾಗಿ ಎಲ್ಲ ತೆರೆಗಳಂತೆ ಆರುತ್ತದೆ. "ಎರಡು ಪಂಚಾಂಗ ಕೂಡಿಸಿಬಿಟ್ಟೆ ನೋಡೋ," ಎಂದರು.

ನಾನು ಲಕೋಟೆ ತಿರುಗಿಸಿ ಮತ್ತೊಮ್ಮೆ ವಿಳಾಸ ನೋಡಿದೆ. "ಯಾರಾದ್ರೂ ಹಿಡದ್ರೇನು?" ಎಂದೆ.

"ಇನ್ನೂ ಯಾರಿಗೂ ಗೊತ್ತಿಲ್ಲ. ಅದಕ್ಕ ಇವತ್ತ ಹಾಕಬೇಕು."

ಇಷ್ಟು ಹೇಳಿ ಅವರು ಒಳಗೆ ಹೋಗಲಿಲ್ಲ. ನನ್ನನ್ನೇ ನೋಡುತ್ತ ನಿಂತರು, ನಾನು ಏನೋ ಹೇಳಲಿಕ್ಕಿದ್ದೇನೆ ಎಂಬ ಹಾಗೆ. ನಾನು ಮೆಟ್ಟಿಲಿಳಿದು ಅಂಚೆ ಕಚೇರಿಗೆ ಹೋದೆ. ಅಲ್ಲಿ ಸಾಲಿನಲ್ಲಿ ನಿಂತು, ಇವರ ತಪ್ಪೊಪ್ಪಿಗೆಯನ್ನು ತೂಕ ಮಾಡಿಸಿ, ಚೀಟಿ ಅಂಟಿಸಿ ಒಳಗೆ ಕೊಟ್ಟೆ. ನನ್ನದನ್ನು ಹಾಗೇ ಮನೆಗೆ ತಂದೆ. ನಾಚಿಕೆಯಾಯಿತು ಅಂದರೆ ಸಣ್ಣ ಮಾತಾಗುತ್ತದೆ.

ಆ ಪತ್ರದಿಂದ ಅವರ ಹೆಸರು ಸ್ವಲ್ಪ ದಿನ ಕುಗ್ಗಿತು. ಬರಬೇಕಾಗಿದ್ದ ಆಮಂತ್ರಣಗಳು ಬರಲಿಲ್ಲ. ಅವರು ಮಾಳಿಗೆಯ ಕಪ್ಪು ಗೋಡೆಯನ್ನು ಪೂರ್ತಿ ಒರೆಸಿ ಮೊದಲಿನಿಂದ ಶುರುಮಾಡಿದರು. ಈ ಸಲ ಬೇರೆ ದಾರಿ. ಯಾರು ಯಾವ ಚಿಹ್ನೆ ಹಾಕಿದರೂ, ಯಾರು ಯಾವ ಹೆಸರಿಟ್ಟರೂ ಬದಲಾಗದೆ ಉಳಿಯುವುದನ್ನು ಮಾತ್ರ ಹಿಡಿದು ಲೆಕ್ಕ ಮಾಡುವುದು. "ಹೆಸರೆಲ್ಲಾ ತಗದ ಮ್ಯಾಲೆ ಏನು ಉಳೀತದ, ಅದರ ಹಿಂದ ಬಿದ್ದೀನಿ," ಎನ್ನುತ್ತಿದ್ದರು. ಹತ್ತು ವರ್ಷ ಹಿಡಿಯಿತು. ಅವರನ್ನು ದೊಡ್ಡವರನ್ನಾಗಿ ಮಾಡಿದ ಕೆಲಸ ಅದೇ. ಪತ್ರಿಕೆಯಲ್ಲಿ ಬಂದದ್ದೂ ಅದರ ಮೇಲೆಯೇ. ನಿವೃತ್ತಿಯಾದ ಮೇಲೆ ಸಾರನಾಥದ ಆಚೆ ಒಂದು ತುಂಡು ಜಾಗದಲ್ಲಿ ಸಣ್ಣ ಮನೆ ಕಟ್ಟಿಸಿಕೊಂಡು ಹೋದರು. ಅಪ್ಪ ಆ ಹೊತ್ತಿಗೆ ಇರಲಿಲ್ಲ. ನಾನು ಅವರಿಗೆ ಹೇಳಿದ "ಹ್ಞೂಂ" ಹಾಗೇ ಉಳಿಯಿತು.

ಈಗ ಅಕ್ಕ ಫೋನಿನಲ್ಲಿ ನೀ ತಪ್ಪೂದಿಲ್ಲ ಎಂದರೆ ನಾನು ಹೇಗೆ ಸುಮ್ಮನಿರಲಿ ಹೇಳಿ. ಅವರ ಜಾಗದಲ್ಲಿ ಕೂತು ಸಂಕಲ್ಪ ಹೇಳಬೇಕಾದವನು ನಾನು. ನಿನ್ನೆ ಬೆಳಿಗ್ಗೆ ಎರಡು ಆಟೋ ಬದಲಾಯಿಸಿ ಸಾರನಾಥಕ್ಕೆ ಹೋದೆ.

ವತ್ಸಲಕ್ಕ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತ ಕೂತಿದ್ದರು. ಹಿತ್ತಲಲ್ಲಿ ಬೆಳೆದದ್ದು. ಕೂದಲು ಪೂರ್ತಿ ಬೆಳ್ಳಗಾಗಿದೆ, ಕೈ ಮಾತ್ರ ಅಂದಿನಂತೆಯೇ ಚುರುಕು. ಚಹಾ ಬಂತು. ನಾನು ಕುಡಿಯಲಿಲ್ಲ. "ಅಕ್ಕ, ಮೊದಲನೇ ವರ್ಷ ನಾ ತಾರೀಖು ತಪ್ಪಿದ್ದೆ," ಎಂದು ಒಂದೇ ಉಸಿರಿಗೆ ಹೇಳಿದೆ. "ಹಿಂದಿ ಪಂಚಾಂಗ ನೋಡಿ ಒಂದು ತಿಂಗಳು ಮೊದಲ ಮಾಡಿಸಿಬಿಟ್ಟೆ. ಅಧಿಕ ಮಾಸ ಅಂದದ್ದೂ ಸುಳ್ಳು."

"ಗೊತ್ತದ," ಎಂದರು, ಬಟಾಣಿ ಬಿಡದೆ.

"ಯಾವಾಗಿಂದ?"

"ನೀ ಮಾಳಗಿ ಹತ್ತಿ ಬಂದು ತಾರೀಖು ಹೇಳಿದಿ ನೋಡು, ಅವಾಗಿಂದ. ಚಂದ್ರನ ವರ್ಷ ಹನ್ನೊಂದು ದಿನ ಹಿಂದ ಸರೀತದ. ನೀ ನಲವತ್ತು ದಿನ ಸರಿಸಿದ್ದಿ. ಅಷ್ಟು ಲೆಕ್ಕ ನನಗ ಬರೂದಿಲ್ಲೇನೋ?"

ಮೂವತ್ತೈದು ವರ್ಷ ಹೊತ್ತದ್ದು ಇಷ್ಟು ಹಗುರವಾಗಿ ಕೆಳಗೆ ಬಿತ್ತಲ್ಲ ಎಂದು ನನಗೆ ನಗುವೇ ಬಂತು. ಅವರು ನಗಲಿಲ್ಲ. ಬುಟ್ಟಿಯನ್ನು ಪಕ್ಕಕ್ಕಿಟ್ಟರು.

"ನಿನ್ನ ತಪ್ಪು ತಪ್ಪಲ್ಲೋ. ನೀ ತಿಳೀದ ಮಾಡಿದಿ. ನಾ ತಿಳದು ಸುಮ್ಮನಾದೆ. ಖರೇ ತಿಥಿ ಆ ಸಭಾದ ವಾರದಾಗ ಬರ್ತಿತ್ತು. ನೀ ಹೇಳಿದ್ದು ತಪ್ಪು ಅಂದ್ರ ನಾ ಹೋಗೂ ಹಂಗಿರಲಿಲ್ಲ. ಹೋಗಬೇಕಾಗಿತ್ತು ನನಗ. ಅದಕ್ಕ ನಿನ್ನ ತಪ್ಪಿನ ಹಿಂದ ಅಡಗಿ ಕೂತೆ. ಅವ್ವ ಜೀವನದಾಗ ಕೇಳಿದ್ದು ಒಂದ. ಮೊದಲನೇ ವರ್ಷಾನ ಆಕಿ ದಿನ ಖಾಲಿ ಬಿಟ್ಟು ಹೋದೆ. ಹೋಗಿ ಏನು ಹೇಳಿದೆ? ತಪ್ಪು ಲೆಕ್ಕ." ಮಡಿಲಿನ ಸಿಪ್ಪೆ ಕೊಡವಿ ಮುಂದುವರಿಸಿದರು: "ಆ ಪತ್ರ ಕೊಟ್ಟಾಗ ನಿನಗ ಎಲ್ಲಾ ಹೇಳಬೇಕು ಅಂತ ನಿಂತೆ. ಆಗಲಿಲ್ಲ. ನೀ ಹೋಗಿಬಿಟ್ಟಿ."

ಅಂದು ಬಾಗಿಲಲ್ಲಿ ನಿಂತು ಅವರು ನೋಡಿದ ನೋಟವನ್ನು ನಾನು ಇಷ್ಟು ವರ್ಷ ತಪ್ಪಾಗಿ ಓದಿಕೊಂಡಿದ್ದೆ. ನನ್ನ ಬಾಯಿಂದ ಮಾತು ಬರಲೆಂದು ಅವರು ಕಾದಿದ್ದಲ್ಲ, ತಮ್ಮ ಬಾಯಿಗೇ ಕಾದಿದ್ದರು. ಅಪ್ಪ ಹೇಳೆಂದು ಕೊಟ್ಟ ಮಾತಿನಲ್ಲಿ ಎರಡು ಭಾಗವಿದ್ದವೆಂದು ಆಗ ಹೊಳೆಯಿತು. ನಾನು ತಪ್ಪಿನ ಭಾಗವನ್ನೇ ನೆನೆನೆನೆದು ಒಣಗಿದ್ದೆ, ಇನ್ನೊಂದರ ನೆನಪೇ ಇರಲಿಲ್ಲ.

"ಖಾಲಿ ಹೋಗಲಿಲ್ಲ ಅಕ್ಕ," ಎಂದೆ.

"ಏನು?"

"ಅವತ್ತು ಖಾಲಿ ಹೋಗಲಿಲ್ಲ. ಅಪ್ಪಗ ಅದ ದಿನ ಬೆಳಿಗ್ಗೆ ಗೊತ್ತಾತು. ಕಾಮಾಲಿ ಇನ್ನೂ ಇಳದಿರಲಿಲ್ಲ ಅವರಿಗೆ, ನನ್ನ ಭುಜಾ ಹಿಡಕೊಂಡು ಕೇದಾರ ಘಾಟಿಗೆ ಬಂದ್ರು. ನನ್ನ ಕೈಲೆ ಮಾಡಿಸಿದ್ರು. ಖರೇ ತಿಥಿಗೆ. ಖರೇ ಮಾಸ ಹೇಳಿ."

ವತ್ಸಲಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಹಾಕಿಕೊಳ್ಳಲಿಲ್ಲ. ಅವರು ಅಳುವುದನ್ನು ಅಜ್ಜಿ ಹೋದಾಗಲೂ ನಾನು ನೋಡಿರಲಿಲ್ಲ. ಆಮೇಲೆ ಪರೀಕ್ಷೆ ತೆಗೆದುಕೊಳ್ಳುವವರ ಹಾಗೆ ಒಂದೊಂದಾಗಿ ಕೇಳತೊಡಗಿದರು.

"ಎಳ್ಳು?"

"ಬಿಟ್ಟೆ."

"ಅಡಗಿ ಏನು ಮಾಡಿದ್ರಿ?"

"ನಮ್ಮವ್ವ ಎಳ್ಳುಂಡಿ, ವಡಿ, ಗೋಧಿ ಪಾಯಸ ಮಾಡಿದ್ಳು."

"ಗೋಧಿ ಪಾಯಸ ಸೇರತಿತ್ತು ಆಕಿಗೆ."

"ಅದಕ್ಕ ಮಾಡಿದ್ದು."

"ಏನಂತ ಹೇಳಿ ಬಿಟ್ಟಿ? ಆಕಿ ನಿನಗೇನಾಗಬೇಕು ಅಂತ?"

"ಅಪ್ಪ ಅಜ್ಜಿ ಅನ್ನು ಅಂದ್ರು. ಪಿತಾಮಹಿ ಅಂದೆ."

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಅಂದು ಪಂಚಾಂಗದ ಮಾತು ಹೇಳಿದಾಗ ನೋಡಿದ್ದರಲ್ಲ, ಆ ನೋಟ. "ಪಿತಾಮಹಿ ಅಂದ್ರ ಅಪ್ಪನ ಅವ್ವ," ಎಂದರು ಮೆಲ್ಲಗೆ, ಗೋಡೆಯ ಮೇಲೆ ಬರೆಯುವವರಂತೆ ಬೆರಳಾಡಿಸುತ್ತ. "ನಮ್ಮವ್ವ ನಿಮ್ಮಪ್ಪನ ಅವ್ವ ಆದ್ರ, ನಾ ನಿಮ್ಮಪ್ಪನ ತಂಗಿ. ನಿನಗ ಸೋದರತ್ತಿ. ಗಂಗಾ ಮುಂದ ಹೇಳಿ ಬಂದು, ಮೂವತ್ತೈದು ವರ್ಷ ಅಕ್ಕ ಅಕ್ಕ ಅಂತ ಕರದಿ. ನೀ ತಪ್ಪಿದ್ದು ಅಲ್ಲೆ ನೋಡು."

ನಾನು ಚಹಾ ಕುಡಿದೆ. ಆರಿತ್ತು, ಆದರೂ ಕುಡಿದೆ. ಬರುವ ವರ್ಷದ ತಿಥಿಗೆ ಇಬ್ಬರೂ ಮಾಡುವುದೆಂದು ಮಾತಾಯಿತು. ಘಾಟಿಗೆ ಇಳಿಯುವುದು ಬೇಡ, ಇಲ್ಲೇ ಹಿತ್ತಲಲ್ಲಿ, ಅವರು ಕುರ್ಚಿಯ ಮೇಲೆ. ಮೊದಲು ತಾಯಿ ಎಂದು ಅವರು ಬಿಡುವುದು, ಆಮೇಲೆ ಅಜ್ಜಿ ಎಂದು ನಾನು. ಮುಂದಿನ ವಾರ ಮತ್ತೆ ಬರುತ್ತೇನೆಂದು ಹೇಳಿ ಹೊರಟಾಗ ಒಂದು ಚೀಲ ಬಟಾಣಿ ಕೊಟ್ಟರು.

ಆಟೋ ಸೋನಾರ್‌ಪುರ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಮನೆಗೆ ಬಂದು ಕೈಕಾಲು ತೊಳೆದು, ಮೊಳೆಯಿಂದ ಹೊಸ ಪಂಚಾಂಗ ತೆಗೆದು ಹಿಂದಿನ ಹಾಳೆ ತೆರೆದೆ. ನಾನೇ ಬರೆದ "ವತ್ಸಲಕ್ಕನ ತಾಯಿ" ಇನ್ನೂ ಹೊಸದಾಗಿತ್ತು, ರಬ್ಬರಿನಿಂದ ಉಜ್ಜಿದರೆ ಹೋಯಿತು. ಅಲ್ಲೇ "ನಮ್ಮ ಅಜ್ಜಿ" ಎಂದು ಬರೆದೆ. ಮಗಳು ಹಿಂದೆ ನಿಂತು ನೋಡಿ ಏನೋ ಕೇಳಲಿದ್ದಳು, ಅಷ್ಟರಲ್ಲಿ ಫೋನು ಬಂತು.

"ಮನಿ ಮುಟ್ಟಿದೇನೋ?"

"ಮುಟ್ಟಿದೆ, ಅತ್ತಿ," ಎಂದೆ.

ಆ ಕಡೆಯಿಂದ, "ಹ್ಞಾಂ," ಎಂದರು. "ಮುಂದಿನ ವಾರ ಬರೂ ಮುಂದ ಒಂದು ಡಬ್ಬಿ ಗೋಧಿ ಪಾಯಸ ತೊಗೊಂಡು ಬಾ. ನನಗೂ ಸೇರತದ."